ಜಮಖಾನ ಕೊಡವುವವರು ಯಾರು?

ನಮ್ಮ ಶಾಲೆಯಲ್ಲಿ ಸಭೆ ಎಂದರೆ ಮೊದಲು ಜಮಖಾನ ಹಾಸಬೇಕು. ಕೂರುವವರು ಎಲ್ಲರೂ. ಮುಗಿದ ಮೇಲೆ ಕೊಡವಿ ಮಡಚುವವರು ಹುಡುಗಿಯರು ಮಾತ್ರ! ಹುಡುಗರು ಆಗಲೇ ಬಯಲಿಗೆ ಓಡಿರ್ತಾರೆ.

ಈ ಸಲ ಆಗಸ್ಟ್ 15ಕ್ಕೆ ಮಳೆ ಬಂದು ಜಮಖಾನ ನೆನೆಯಿತು. ನಾವು ನಾಲ್ವರಿಂದ ಎತ್ತಿ ಹರವಲಾಗಲಿಲ್ಲ. ಹಸಿಯಾಗೇ ಸುತ್ತಿಟ್ಟೆವು. ವಾರದಲ್ಲಿ ಬೂಷ್ಟು ಹಿಡಿಯಿತು. ಬೈಸಿಕೊಂಡವರೂ ನಾವೇ.

ನಮ್ಮಜ್ಜಿ ಹೇಳ್ತಾರೆ, ಹತ್ತಿಯ ಜಮಖಾನಕ್ಕೆ ಧೂಳು, ತೇವ ಎರಡೂ ವೈರಿಗಳು. ಹಗ್ಗದ ಮೇಲೆ ಹಾಕಿ ಹಿಂಬದಿಯಿಂದ ಕೋಲಲ್ಲಿ ಬಡಿಯಬೇಕು. ಒಗೆದರೆ ಪೂರ್ತಿ ಒಣಗಿಸಿಯೇ ಸುತ್ತಬೇಕು. ಇದು ನಾಲ್ಕು ಜನರ ಕೆಲಸವಲ್ಲ.

ಹೆಸರಾದ ನವಲಗುಂದದ ಜಮಖಾನ ನೇಯುವವರೂ ಹೆಂಗಸರೇ. ನೇಯುವುದೂ ಅವರೇ, ಕೊಡವುವುದೂ ಅವರೇ ಆದರೆ ಹೇಗೆ? ವಾರಕ್ಕೊಂದು ತರಗತಿಯಂತೆ, ಹುಡುಗರನ್ನೂ ಸೇರಿಸಿ ಸರದಿ ಹಾಕಬೇಕೆಂದು ಗುರುಗಳಲ್ಲಿ ನನ್ನ ವಿನಂತಿ.

ಕೂತವರೆಲ್ಲ ಕೊಡವಲಿ!

– 8ನೇ ತರಗತಿಯ ವಿದ್ಯಾರ್ಥಿನಿ