ಪೈನ್ ಕಾಡಿಗೆ ಮೊದಲು ಬೇಕಾಗಿದ್ದು ಡ್ರೋನ್ ಅಲ್ಲ

ಕಾಡ್ಗಿಚ್ಚು ಅಂತ ಪ್ರಾಜೆಕ್ಟ್ ಟಾಪಿಕ್ ಕೊಟ್ಟರೆ ನಮ್ಮ ಕಾಲೇಜುಗಳಲ್ಲಿ ಏನು ಬರುತ್ತೆ ಅಂತ ಎಲ್ಲರಿಗೂ ಗೊತ್ತು: ಡ್ರೋನ್, ಸೆನ್ಸರ್, ಒಂದು ಆ್ಯಪ್. ಬೇಡ ಅನ್ನೋಲ್ಲ. ಆದರೆ ಇವೆಲ್ಲ ಬೆಂಕಿ ಹತ್ತಿದ ಮೇಲೆ ಸುದ್ದಿ ಮುಟ್ಟಿಸೋ ಸಾಧನಗಳು. ಬೆಂಕಿ ಹತ್ತದ ಹಾಗೆ ನೋಡಿಕೊಳ್ಳೋದು ಬೇರೆಯೇ ಕೆಲಸ, ಅದನ್ನು ಮಾಡಿ ತೋರಿಸಿದ್ದು ಉತ್ತರಾಖಂಡದ ಅಲ್ಮೋರಾ ಜಿಲ್ಲೆಯ ಶೀತಲಾಖೇತ್ ಎಂಬ ಪುಟ್ಟ ಊರು ಮತ್ತು ಅದರ ಸುತ್ತಲಿನ ಹಳ್ಳಿಗಳು. ಎತ್ತರ ಸುಮಾರು 1,900 ಮೀಟರ್, ಅಂದರೆ ಹೆಚ್ಚುಕಮ್ಮಿ ನಮ್ಮ ಮುಳ್ಳಯ್ಯನಗಿರಿಯಷ್ಟು.

ಅಲ್ಲಿ ಎರಡು ಮರಗಳ ನಡುವೆ ಜಗಳ. ಒಂದು ಚೀಡ್ ಪೈನ್. ಅದರ ಸೂಜಿಯಂಥ ಎಲೆಗೆ ಪಿರೂಲ್ ಅಂತಾರೆ. ಬೇಸಿಗೆಯಲ್ಲಿ ರಾಶಿ ರಾಶಿ ಉದುರುತ್ತೆ, ಅಂಟು ಇರೋದರಿಂದ ಬೇಗ ಹೊತ್ತಿಕೊಳ್ಳುತ್ತೆ, ದನ ಮೂಸಿಯೂ ನೋಡೋಲ್ಲ. ಇನ್ನೊಂದು ಬಾಂಜ್, ಅಂದರೆ ಓಕ್. ಮೇವು, ಗೊಬ್ಬರ, ಸೌದೆ ಎಲ್ಲಾ ಅದರಿಂದಲೇ. ಅದರ ಕೆಳಗಿನ ಮಣ್ಣು ನೀರು ಹಿಡಿದಿಡುತ್ತೆ. ಬೆಂಕಿ ಬಂದರೆ ದಪ್ಪ ತೊಗಟೆಯ ಪೈನ್ ಉಳಿಯುತ್ತೆ, ಬಾಂಜ್ ಸಸಿ ಸಾಯುತ್ತೆ. ಖಾಲಿಯಾದ ಜಾಗಕ್ಕೆ ಮತ್ತೆ ಪೈನ್ ಬರುತ್ತೆ, ಮತ್ತೆ ಪಿರೂಲ್, ಮತ್ತೆ ಬೆಂಕಿ. ಕಂಟ್ರೋಲ್ ಸಿಸ್ಟಮ್ಸ್ ಓದಿದವರಿಗೆ ಇದು ಪಾಸಿಟಿವ್ ಫೀಡ್‌ಬ್ಯಾಕ್ ಅಂತ ಹೇಳಬೇಕಾಗಿಲ್ಲ. ಸ್ಲೀಪರ್ ಮತ್ತು ರಾಳಕ್ಕಾಗಿ ಪೈನ್ ಕಾಡನ್ನು ಓಲೈಸಿದ ಬ್ರಿಟಿಷರದ್ದೂ ಇದರಲ್ಲಿ ದೊಡ್ಡ ಪಾಲಿದೆ.

ಶೀತಲಾಖೇತ್‌ನವರು ಈ ಲೂಪನ್ನು ಎರಡು ಕಡೆ ಕತ್ತರಿಸಿದರು. ಒಂದು, ನೇಗಿಲು. ಮರದ ನೇಗಿಲಿಗಾಗಿ ಎಳೆಯ ಬಾಂಜ್ ಮರಗಳನ್ನೇ ಕಡಿಯುತ್ತಿದ್ದರು. ಅಲ್ಮೋರಾದ ವಿವೇಕಾನಂದ ಪರ್ವತೀಯ ಕೃಷಿ ಅನುಸಂಧಾನ ಸಂಸ್ಥೆ ಹಗುರವಾದ ಕಬ್ಬಿಣದ ನೇಗಿಲು ಮಾಡಿಕೊಟ್ಟಿತು. ಹೆಸರು ವಿ.ಎಲ್. ಸ್ಯಾಹಿ ಹಲ್, ಅಲ್ಲಿನ ಸ್ಯಾಹಿದೇವಿ ಬೆಟ್ಟದ ಹೆಸರೇ. ಇನ್ನೊಂದು, ತಾರೀಖು. ಹೊಲದ ಅಂಚಿನ ಕಳೆ-ಕಂಟಿ ಒಟ್ಟಿ ಸುಡೋದು ಅಲ್ಲಿನ ರೂಢಿ. ಏಪ್ರಿಲ್-ಮೇನಲ್ಲಿ ಸುಟ್ಟರೆ ಕಿಡಿ ಗಾಳಿಗೆ ಹಾರಿ ಕಾಡಿಗೆ ಹೋಗುತ್ತೆ. ಹಾಗಾಗಿ ಮಾರ್ಚ್ 31ರೊಳಗೆ ಸುಟ್ಟು ಮುಗಿಸೋಣ ಅಂತ ತೀರ್ಮಾನಿಸಿದರು. ಈಗ ಏಪ್ರಿಲ್ 1 ಅಲ್ಲಿ ‘ಓಣ್ ದಿವಸ’. ಬೆಂಕಿ ಕಂಡರೆ ಹಸಿರು ಕೊಂಬೆ ಹಿಡಿದು ಮೊದಲು ಓಡೋದು ಹೆಂಗಸರು, ಯಾಕಂದ್ರೆ ಕಾಡು ಸುಟ್ಟರೆ ಮೇವಿಗೂ ನೀರಿಗೂ ಇನ್ನಷ್ಟು ದೂರ ನಡೆಯಬೇಕಾದವರು ಅವರೇ. ಈ ಪದ್ಧತಿಗೆ ಈಗ ಶೀತಲಾಖೇತ್ ಮಾದರಿ ಅಂತಲೇ ಹೆಸರು.

ಇಷ್ಟಕ್ಕೇ ಎಲ್ಲಾ ಸರಿಹೋಯ್ತು ಅಂತಲ್ಲ. ಚಳಿಗಾಲದ ಮಳೆ ಕೈಕೊಟ್ಟ ವರ್ಷ ಯಾವ ತಾರೀಖೂ ಸಾಲದು. 2024ರ ಜೂನ್‌ನಲ್ಲಿ ಅದೇ ಜಿಲ್ಲೆಯ ಬಿನ್ಸರ್ ಅಭಯಾರಣ್ಯದಲ್ಲಿ ಬೆಂಕಿ ಆರಿಸಲು ಹೋದ ನಾಲ್ವರು ಅರಣ್ಯ ಸಿಬ್ಬಂದಿ ಸ್ಥಳದಲ್ಲೇ ಸತ್ತರು. ಡ್ಯಾಶ್‌ಬೋರ್ಡ್ ಮೇಲೆ ಕೆಂಪು ಚುಕ್ಕೆ ಎಷ್ಟು ಬೇಗ ಮೂಡಿದರೂ, ಕೊನೆಗೆ ಆ ಇಳಿಜಾರು ಹತ್ತಬೇಕಾಗಿರೋದು ಮನುಷ್ಯರೇ ಅಲ್ವಾ?

ಅದಕ್ಕೇ ನಾವು ಹೇಳೋದು, ಈ ಊರಿನ ಲೆಕ್ಕದಲ್ಲಿ ಯೋಚಿಸೋಣ ಅಂತ. ಒಂದು ಪ್ರಶ್ನೆ ಈಗಲೂ ಹಾಗೇ ಇದೆ. 2024ರ ಮೇನಲ್ಲಿ ಅಲ್ಲಿನ ಸರ್ಕಾರ ಪಿರೂಲ್‌ಗೆ ಕಿಲೋಗೆ 50 ರೂಪಾಯಿ ಕೊಡ್ತೀವಿ ಅಂತ ಘೋಷಿಸಿತು. ದುಡ್ಡು ಒಳ್ಳೇದೇ. ಆದರೆ ಪಿರೂಲ್ ತೂಕದಲ್ಲಿ ಹಗುರ, ಗಾತ್ರದಲ್ಲಿ ಬೆಟ್ಟ. ಅದನ್ನು ಬೆನ್ನ ಮೇಲೆ ಹೊತ್ತು, ಅದೇ ಜಾರುವ ಎಲೆಗಳ ಮೇಲೆ ಕಾಲಿಟ್ಟು ರಸ್ತೆಗೆ ತರಬೇಕು. ಕಾಡಿನಲ್ಲೇ ಅದನ್ನು ಒತ್ತಿ ಕಟ್ಟುವ, ಕರೆಂಟ್ ಬೇಡದ, ಇಬ್ಬರು ಹೆಂಗಸರು ಎತ್ತಿಕೊಂಡು ಹೋಗಬಹುದಾದ, ಊರಿನ ಕಮ್ಮಾರನೇ ರಿಪೇರಿ ಮಾಡಬಹುದಾದ ಒಂದು ಯಂತ್ರ ಬೇಕು. ಮೆಕ್ಯಾನಿಕಲ್‌ನವರು ಯಾರಾದ್ರೂ ಈ ಸೆಮಿಸ್ಟರ್‌ಗೆ ಇದನ್ನು ಎತ್ತಿಕೊಳ್ತೀರಾ?