ಪದವಿಯಿಲ್ಲದ ಪ್ರಾಧ್ಯಾಪಕ

ಕಲಬುರಗಿಯಿಂದ ಹುಮನಾಬಾದ್ ರಸ್ತೆ ಹಿಡಿದು, ಕೆಂಪು ಬಾಳೆಗೆ ಹೆಸರಾದ ಕಮಲಾಪುರದ ಕಡೆ ಮಳೆಗಾಲದಲ್ಲಿ ಹೊರಟವರು ಬಾವಿಗಳತ್ತ ಕಣ್ಣು ಹಾಯಿಸಬೇಕು. ನೀರಿನ ಮೇಲೆ ಬಾಗಿದ ಜಾಲಿ, ಈಚಲು ಮರಗಳೆಂದರೆ ಗೀಜಗನಿಗೆ ಬಲು ಇಷ್ಟ. ಜೋತುಬಿದ್ದ ಗೂಡುಗಳ ನಡುವೆ ಕೆಲವು ಅರ್ಧಕ್ಕೇ ನಿಂತು ಟೊಪ್ಪಿಗೆಯಂತೆ ಕಾಣುತ್ತವೆ. ಇವು ಗಂಡುಹಕ್ಕಿ ಮಳೆಯಲ್ಲಿ ಕೂಡಲು ಕಟ್ಟಿಕೊಂಡ ಜೋಕಾಲಿಗಳೆಂದು ಹಿಂದೆ ಬಲ್ಲವರೂ ನಂಬಿದ್ದರು.

ನಿಜ ಸಂಗತಿ ತಿಳಿಸಿದವರು ಸಲೀಂ ಅಲಿ. ಅದೂ ನೌಕರಿಯಿಲ್ಲದ ದಿನಗಳಲ್ಲಿ! ಬರ್ಲಿನ್ನಿನಲ್ಲಿ ಪ್ರಾಧ್ಯಾಪಕ ಸ್ಟ್ರೆಸೆಮಾನ್ನರ ಬಳಿ ಕಲಿತು 1930ರಲ್ಲಿ ಮರಳಿದಾಗ ಮುಂಬಯಿಯ ಮ್ಯೂಸಿಯಂನಲ್ಲಿ ಅವರಿಗಿದ್ದ ಹುದ್ದೆಯೇ ರದ್ದಾಗಿತ್ತು. ಅದಕ್ಕೂ ಮೊದಲೊಮ್ಮೆ, ವಿಶ್ವವಿದ್ಯಾಲಯದ ಪದವಿ ಇಲ್ಲವೆಂಬ ಕಾರಣಕ್ಕೆ ಸರಕಾರದ ಪ್ರಾಣಿ ಸರ್ವೇಕ್ಷಣ ಇಲಾಖೆಯ ಹುದ್ದೆ ಕೈತಪ್ಪಿತ್ತು. ಪತ್ನಿ ತೆಹಮಿನಾರೊಡನೆ ಕಿಹೀಮ್ ಎಂಬ ಕಡಲತೀರದ ಹಳ್ಳಿಗೆ ಹೋದರು. ಅಲ್ಲಿನ ಗೀಜಗಗಳನ್ನು ಮರೆಯಲ್ಲಿ ಕುಳಿತು ದಿನಗಟ್ಟಲೆ ನೋಡಿದರು.

ಕಂಡದ್ದಿಷ್ಟು: ಗಂಡು ಅರ್ಧ ಗೂಡು ಹೆಣೆದು ರೆಕ್ಕೆ ಬಡಿದು ಕರೆಯುತ್ತದೆ. ಹೆಣ್ಣು ಬಂದು ಒಳಹೊಕ್ಕು ಪರೀಕ್ಷಿಸುತ್ತದೆ. ಒಪ್ಪಿದರೆ ಮಾತ್ರ ಗಂಡು ಮೊಟ್ಟೆಯ ಕೋಣೆ, ಕೊಳವೆಯಂಥ ಬಾಗಿಲು ಮುಗಿಸುತ್ತದೆ. ಆಮೇಲೆ? ಮತ್ತೊಂದು ಗೂಡು, ಮತ್ತೊಬ್ಬ ಹೆಂಡತಿ! ಹೆಣ್ಣು ಒಪ್ಪದ ಮನೆಗಳು ಹಾಗೆಯೇ ಉಳಿಯುತ್ತವೆ. ವಧುಪರೀಕ್ಷೆಯಲ್ಲ, ವರನ ಮನೆಯ ಪರೀಕ್ಷೆ ಎನ್ನಬೇಕು.

ಮುಂದೆ ಅವರು ಸಂಸ್ಥಾನಗಳಿಗೆ ಒಂದು ಬೇಡಿಕೆಯಿಟ್ಟರು. ಸಂಬಳ ಬೇಡ, ತಿರುಗಾಟದ ಖರ್ಚು ಕೊಡಿ, ಪಕ್ಷಿಗಳ ಲೆಕ್ಕ ಮಾಡಿಕೊಡುತ್ತೇನೆ. ಆಗ ಗುಲಬರ್ಗಾ ಸೇರಿದ್ದ ನಿಜಾಮರ ಹೈದರಾಬಾದಿನಲ್ಲಿ 1931ರಲ್ಲಿ ಸಮೀಕ್ಷೆ ಆರಂಭವಾಯಿತು. ಡೇರೆಗಳ ವಾಸದಲ್ಲಿ ತೆಹಮಿನಾ ಜೊತೆಗಿದ್ದರು. ಕೋವಿಯಿಂದ ಹಕ್ಕಿ ಹೊಡೆದು ಚರ್ಮ ತುಂಬಿಡುವುದು ಆಗಿನ ಅಭ್ಯಾಸ. ಇಂದು ಕೇಳಲು ಕಹಿ, ಆದರೆ ಆ ಚರ್ಮಗಳಿಲ್ಲದಿದ್ದರೆ ಅಂದು ಇಲ್ಲಿ ಏನಿತ್ತೆಂಬುದಕ್ಕೆ ಸಾಕ್ಷಿಯೇ ಇರುತ್ತಿರಲಿಲ್ಲ. ಮುಂದೆ ಮೈಸೂರು ಸಂಸ್ಥಾನದಲ್ಲೂ ಸಮೀಕ್ಷೆಯಾಯಿತು. ರಂಗನತಿಟ್ಟು 1940ರಲ್ಲಿ ಪಕ್ಷಿಧಾಮವಾದದ್ದು ಅವರ ಒತ್ತಾಯದಿಂದ. ತೆಹಮಿನಾ ಅದನ್ನು ನೋಡಲಿಲ್ಲ, 1939ರಲ್ಲೇ ತೀರಿಕೊಂಡಿದ್ದರು.

ಪದವಿಯಿಲ್ಲದ ಈ ಮನುಷ್ಯನನ್ನು ಸರಕಾರ 1982ರಲ್ಲಿ ರಾಷ್ಟ್ರೀಯ ಪ್ರಾಧ್ಯಾಪಕರನ್ನಾಗಿ ನೇಮಿಸಿತು. ಆಗ ಅವರಿಗೆ ವಯಸ್ಸು 85 ದಾಟಿತ್ತು. 1987ರಲ್ಲಿ ನಿಧನರಾದರು.

ಒಂದು ಮಾತು ಮಾತ್ರ ನಡೆಯಲಿಲ್ಲ. ನಮ್ಮ ಎರೆಭೂಮಿಯ ಎರೆಭೂತ ಅಥವಾ ಎರ್ಲಡ್ಡು ರಾಷ್ಟ್ರಪಕ್ಷಿಯಾಗಲಿ ಎಂದು ಅವರು ವಾದಿಸಿದ್ದರು. ಮೀಟರು ಎತ್ತರದ, ಹಾರುವ ಹಕ್ಕಿಗಳಲ್ಲೇ ಬಲು ಭಾರದ ಜೀವಿ ಅದು. ಸಾಮಾನ್ಯವಾಗಿ ನೆಲದ ಮೇಲೆ ಒಂದೇ ಮೊಟ್ಟೆ ಇಡುತ್ತದೆ. ನವಿಲು ಎಲ್ಲರಿಗೂ ಗೊತ್ತು, ಅದಕ್ಕೆ ಆಸರೆ ಬೇಕಿಲ್ಲ. ಇದಕ್ಕೆ ಬೇಕು ಎಂಬುದು ಅವರ ಲೆಕ್ಕಾಚಾರ. 1963ರಲ್ಲಿ ಗೌರವ ನವಿಲಿಗೇ ಸಂದಿತು. ಹುಲ್ಲುಬಯಲು ಹೊಲವಾಯಿತು, ಹೊಲದ ಮೇಲೆ ವಿದ್ಯುತ್ ತಂತಿ ಬಂತು. ದೂರದಿಂದ ತಂತಿ ಕಾಣದೆ ಹಕ್ಕಿ ಬಡಿದು ಸಾಯುತ್ತದೆ. ಇಂದು ದೇಶದಲ್ಲೆಲ್ಲ ಸೇರಿ ಇನ್ನೂರಕ್ಕಿಂತ ಕಡಿಮೆ ಉಳಿದಿವೆ. ಕರ್ನಾಟಕದಲ್ಲಿ, ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಎರೆಹೊಲಗಳಲ್ಲಿ, ಬೆರಳೆಣಿಕೆಯಷ್ಟು.