ಜೀಪಿನ ಟ್ಯಾಂಕಿಗೊಂದು ಬೀಗ ಇರಲಿ

ಮನೆಗೆ ಬೀಗ ಹಾಕ್ತೇವೆ. ಅಡಿಕೆ ಕೋಣೆಗೆ ಹಾಕ್ತೇವೆ. ಕಾಳುಮೆಣಸು ತುಂಬಿದ ಡ್ರಮ್ಮಿಗೂ ಹಾಕುವವರಿದ್ದಾರೆ. ಆದರೆ ಮೂರು ಸಾವಿರ ರೂಪಾಯಿಗೂ ಮಿಕ್ಕಿದ ಡೀಸೆಲ್ ತುಂಬಿಕೊಂಡು ರಾತ್ರಿಯಿಡೀ ರಸ್ತೆ ಬದಿ ನಿಲ್ಲುವ ಹಳೆ ಜೀಪಿನ ಟ್ಯಾಂಕಿನ ಮುಚ್ಚಳ ಮಾತ್ರ ಬರೇ ಕೈಯಲ್ಲಿ ತಿರುಗಿಸಿದರೆ ಬರುವಂಥದ್ದು. ಡೀಸೆಲ್ ಲೀಟರಿಗೆ ಹತ್ತು ರೂಪಾಯಿಗಿಂತ ಕೆಳಗಿದ್ದ ಕಾಲದಲ್ಲಿ ಇದನ್ನು ಯಾರೂ ಲೆಕ್ಕಕ್ಕಿಟ್ಟಿರಲಿಲ್ಲ. 2014ರ ಅಕ್ಟೋಬರಿನಲ್ಲಿ ಡೀಸೆಲ್ ದರದ ಮೇಲಿನ ಸರಕಾರದ ಹಿಡಿತ ಹೋಯಿತು. ಈಗ ಲೀಟರಿಗೆ 80 ದಾಟಿ ಕೆಲವು ವರ್ಷಗಳೇ ಆದವು. ಐದು ಲೀಟರು ಹೋದರೂ ಹೊಟ್ಟೆ ಉರಿಯುತ್ತದೆ.

ಬೀಗ ಬೇಕೇ ಬೇಕು ಅಂತ ನಾನು ಹೇಳುವುದಕ್ಕೆ ಕಾರಣ ಮಾತ್ರ ಕಳ್ಳರಲ್ಲ. ನನ್ನದೇ ಒಂದು ತಪ್ಪು.

ನಮ್ಮ ಮನೆಗೆ ಮಳೆಗಾಲದಲ್ಲಿ ವಾಹನ ಬರುವುದಿಲ್ಲ, ತೋಡು ದಾಟಬೇಕು. ಹಾಗಾಗಿ ಜೂನ್‌ನಿಂದ ಅಕ್ಟೋಬರ್ ತನಕ ಜೀಪಿಗೆ ಮೇಲಿನ ಡಾಮರು ರಸ್ತೆಯ ಬದಿಯೇ ಗತಿ. 2019ರ ಮಳೆಗಾಲದಲ್ಲಿ ಡೀಸೆಲ್ ಲೆಕ್ಕಕ್ಕೆ ಸಿಗದೆ ಹೋಯಿತು. ಹದಿನೈದು ಲೀಟರು ಹಾಕಿಸಿದರೆ ಮೂರು ದಿನದಲ್ಲಿ ಮುಳ್ಳು ಕೆಳಗೆ. ನಾನು ಬಿಟ್ಟರೆ ಜೀಪು ಓಡಿಸುತ್ತಿದ್ದದ್ದು ನಮ್ಮಲ್ಲಿ ಹನ್ನೊಂದು ವರ್ಷದಿಂದ ಮರ ಹತ್ತಿ ಮದ್ದು ಬಿಡುತ್ತಿದ್ದ ಹುಡುಗ. ಪೇಟೆಯಿಂದ ಮೈಲುತುತ್ತು, ಸುಣ್ಣ ತರುವುದು ಅವನೇ. ನಾನು ಬಾಯಿ ಬಿಟ್ಟು ಏನೂ ಹೇಳಲಿಲ್ಲ. ಅವನು ಹೋಗುವ ಮೊದಲೊಮ್ಮೆ, ಬಂದ ಮೇಲೊಮ್ಮೆ ಟ್ಯಾಂಕಿಗೆ ಕೋಲು ಇಳಿಸಿ ನೋಡಲು ಶುರು ಮಾಡಿದೆ, ಅಷ್ಟೆ. ಎರಡನೇ ಸಲ ಅವನು ನೋಡಿಬಿಟ್ಟ. ಮರುದಿನ ಹುಷಾರಿಲ್ಲ ಅಂತ ಹೇಳಿ ಕಳಿಸಿದ. ಆಮೇಲೆ ಬರಲೇ ಇಲ್ಲ.

ಪೇಟೆಗೆ ಹೋಗಿ 350 ರೂಪಾಯಿ ಕೊಟ್ಟು ಬೀಗದ ಮುಚ್ಚಳ ತಂದು ಹಾಕಿದೆ. ಕೀ ನನ್ನ ಕಿಸೆಯಲ್ಲಿ. ಡೀಸೆಲ್ ಮತ್ತೂ ಇಳಿಯಿತು!

ಮೆಕ್ಯಾನಿಕ್ ಎಂಜಿನ್ ಚಾಲೂ ಮಾಡಿ, ರೇಸ್ ಮಾಡಿ, ಟಾರ್ಚು ಬಿಟ್ಟು ನೋಡಿದ. ನಾಜಲುಗಳಲ್ಲಿ ಮಿಕ್ಕಿದ ಡೀಸೆಲ್ ಟ್ಯಾಂಕಿಗೆ ವಾಪಸು ಹೋಗುವ ಸಪೂರ ರಬ್ಬರು ಪೈಪು ಇರುತ್ತದಲ್ಲ, ಅದು ಬಿರುಕು ಬಿಟ್ಟಿತ್ತು. ಎಂಜಿನ್ ಓಡುವಾಗ ಮಾತ್ರ ಸೋರುತ್ತದೆ, ನಿಲ್ಲಿಸಿದರೆ ನಿಲ್ಲುತ್ತದೆ. ನಿಲ್ಲಿಸಿದ ಜಾಗದಲ್ಲಿ ಕಲೆ ಇಲ್ಲ. ಓಡುವಾಗ ಬಿದ್ದದ್ದು ಮಳೆಯಲ್ಲಿ ಯಾರಿಗೆ ಕಾಣಬೇಕು? ವಾಸನೆ ಬರಲಿಲ್ಲವಾ ಅಂತ ಕೇಳಬಹುದು. ಹಳೆ ಜೀಪಿನಲ್ಲಿ ಡೀಸೆಲ್ ವಾಸನೆ ಇಲ್ಲದ ದಿನ ಯಾವುದುಂಟು ಮಾರಾಯ್ರೇ!

ಆ ವರ್ಷ ಎರಡನೇ ಸುತ್ತಿನ ಬೋರ್ಡೋ ಇಪ್ಪತ್ತು ದಿನ ತಡವಾಯಿತು. ಕೊಳೆರೋಗಕ್ಕೆ ಹೋದ ಅಡಿಕೆಯ ಎದುರು ಸೋರಿದ ಡೀಸೆಲ್ ಏನೇನೂ ಅಲ್ಲ.

ಬೀಗ ಮೊದಲೇ ಇದ್ದಿದ್ದರೆ? ಟ್ಯಾಂಕು ತೆರೆಯಲಿಕ್ಕೇ ಆಗುವುದಿಲ್ಲ ಅಂತಾದಾಗ ಮನಸ್ಸು ಮನುಷ್ಯರನ್ನು ಬಿಟ್ಟು ಪೈಪಿನ ಕಡೆಗೆ ಹೋಗುತ್ತಿತ್ತು. ಹಾಗಾಗಿ ಇದು ಯಜಮಾನನ ಡೀಸೆಲ್ ಕಾಯುವುದಕ್ಕಿಂತ ಹೆಚ್ಚಾಗಿ ಕೆಲಸದವರ ಮರ್ಯಾದೆ ಕಾಯುವ ಸಾಮಾನು ಅಂತ ನನ್ನ ಅಭಿಪ್ರಾಯ. ಅದಕ್ಕೇ ಇನ್ನೊಂದು ಮಾತು: ಮುಚ್ಚಳದ ಜತೆ ಎರಡು ಕೀ ಬರುತ್ತದೆ. ಎರಡನೆಯದ್ದು ಜೀಪು ಓಡಿಸುವವನ ಕೈಯಲ್ಲೇ ಇರಲಿ. ಓಡಿದ ಕಿಲೋಮೀಟರು, ಹಾಕಿಸಿದ ಲೀಟರು ಬರೆಯಲು ಜೀಪಿನಲ್ಲೊಂದು ಪುಸ್ತಕ ಇರಲಿ. ಪ್ರತಿ ಸಲ ಫುಲ್ ಮಾಡಿಸಿ ಬರೆದರೆ ಲೆಕ್ಕ ಸರಿ ಬರುತ್ತದೆ. ಮುಳ್ಳನ್ನು ನಂಬಬಾರದು. ಕೀ ಕೊಟ್ಟರೆ ಬೀಗ ಯಾಕೆ ಅಂತ ನನ್ನ ಭಾವ ನಗಾಡುತ್ತಾರೆ. ದಾರಿಹೋಕನ ಕೈಗೆ ಬೀಗ, ನಮ್ಮವನ ಕೈಗೆ ಕೀ. ನನಗೇನೂ ಗೊಂದಲ ಕಾಣುವುದಿಲ್ಲ.

ಕೊಳ್ಳುವಾಗ ಒಂದು ವಿಷಯ ಜಾಗ್ರತೆ. ಡೀಸೆಲ್ ಖರ್ಚಾದ ಹಾಗೆ ಆ ಜಾಗಕ್ಕೆ ಗಾಳಿ ಒಳಗೆ ಹೋಗಬೇಕು. ಕೆಲವು ಗಾಡಿಗಳಲ್ಲಿ ಇದಕ್ಕೆ ಬೇರೆಯೇ ಪೈಪು ಇರುತ್ತದೆ, ಕೆಲವಕ್ಕೆ ಮುಚ್ಚಳದಲ್ಲೇ ಸಣ್ಣ ತೂತು. ತೂತಿನ ಮುಚ್ಚಳ ಇದ್ದಲ್ಲಿಗೆ ತೂತಿಲ್ಲದ್ದು ಹಾಕಿದರೆ ಸ್ವಲ್ಪ ದೂರ ಹೋದ ಮೇಲೆ, ಹೆಚ್ಚಾಗಿ ಏರಿನಲ್ಲಿ, ಎಂಜಿನ್ ಎಳೆಯುವುದಿಲ್ಲ, ಕಡೆಗೆ ನಿಂತೇ ಹೋಗುತ್ತದೆ. ಮುಚ್ಚಳ ಸಡಿಲ ಮಾಡಿದಾಗ 'ಸುಯ್' ಅಂತ ಗಾಳಿ ಎಳೆದುಕೊಂಡರೆ ದೋಷ ಅಲ್ಲೇ. ಹಳೆ ಮುಚ್ಚಳವನ್ನು ಅಂಗಡಿಗೆ ಕೊಂಡುಹೋಗಿ ಜೋಡಿ ನೋಡಿಯೇ ತನ್ನಿ. ಅಡಿಯ ರಬ್ಬರ್ ವಾಷರೂ ಸರಿ ಕೂರಬೇಕು. ಇಲ್ಲದಿದ್ದರೆ ನಮ್ಮ ಮಳೆಗೆ ನೀರು ಒಳಗೆ ಇಳಿದು ಡೀಸೆಲ್ ಪಂಪು, ನಾಜಲು ಹಾಳು. ಆ ರಿಪೇರಿಯ ಬಿಲ್ಲಿನಲ್ಲಿ ಹತ್ತಾರು ಮುಚ್ಚಳ ಬಂದೀತು.

ಉಪದ್ರವೂ ಇಲ್ಲದಿಲ್ಲ. ಬಂಕಿನಲ್ಲಿ ಇಳಿಯಬೇಕು, ಕೀ ಕೊಡಬೇಕು. ನನಗೆ ಅದೇ ಒಳ್ಳೆಯದಾಯಿತು, ಇಳಿದವ ಮೀಟರಿನ ಸೊನ್ನೆ ನೋಡಿಯೇ ನೋಡುತ್ತಾನೆ. ಗಾಡಿಯ ಕೀಯಲ್ಲೇ ತೆರೆಯುವ ಮುಚ್ಚಳವಾದರೆ ಅದನ್ನು ಬಂಕಿನಲ್ಲಿ ಮರೆತು ಬರುವ ಪ್ರಶ್ನೆಯೇ ಇಲ್ಲ. ಕೀ ತೂತಿಗೆ ಎಣ್ಣೆ ಬಿಡಬೇಡಿ, ಧೂಳು ಹಿಡಿದು ಗಟ್ಟಿಯಾಗುತ್ತದೆ. ಪೆನ್ಸಿಲಿನ ಸೀಸದ ಪುಡಿ ಸಾಕು. ಹೊಸ ಕಾರುಗಳಲ್ಲಿ ಸೀಟಿನ ಪಕ್ಕದ ಹಿಡಿ ಎಳೆದರೆ ಮುಚ್ಚಳದ ಬಾಗಿಲು ತೆರೆಯುತ್ತದೆ, ಸುಖ. ಅದರ ಕೇಬಲ್ ತುಕ್ಕು ಹಿಡಿದ ದಿನ ಮಾತ್ರ ಬಂಕಿನಲ್ಲಿ ಪರದಾಟ.

ಬೀಗ ಹಾಕಿದ ಕೂಡಲೇ ಎಲ್ಲ ಭದ್ರ ಅಂತಲೂ ಅಲ್ಲ. ಟ್ಯಾಂಕಿನಡಿ ಡ್ರೈನ್ ನಟ್ಟು ಉಂಟು, ಸ್ಪ್ಯಾನರ್ ಇದ್ದವನಿಗೆ ಎರಡು ನಿಮಿಷದ ಕೆಲಸ. ಅದನ್ನು ಬಿಗಿ ಮಾಡಿ ಮೇಲಿಂದ ಪೈಂಟು ಬಳಿದಿಟ್ಟರೆ ಯಾರಾದರೂ ಮುಟ್ಟಿದ್ದು ಗೊತ್ತಾಗುತ್ತದೆ.

ಆ ಹುಡುಗ ಈಗ ಬೇರೆಯವರ ತೋಟಕ್ಕೆ ಹೋಗುತ್ತಾನೆ. ಪೈಪಿನ ವಿಷಯ ಹೇಳಿ, ನನ್ನದು ತಪ್ಪಾಯಿತು ಅಂದೆ. ಸಿಕ್ಕಿದರೆ ಮಾತಾಡುತ್ತಾನೆ. ಮದ್ದು ಬಿಡಲಿಕ್ಕೆ ಬರುತ್ತೀಯಾ ಅಂತ ಎರಡು ಸಲ ಕೇಳಿದೆ. "ನೋಡುವ ಅಣ್ಣ" ಅಂದ.

ಇನ್ನು ತೋಟದ ಡೀಸೆಲ್ ಪಂಪಿನದ್ದು. ಅದರ ಟ್ಯಾಂಕಿನ ಮುಚ್ಚಳಕ್ಕೆ ಬೀಗ ಹಾಕಿ ಏನೂ ಪ್ರಯೋಜನ ಇಲ್ಲ. ಕೆಳಗಿನ ರಬ್ಬರು ಪೈಪು ಎಳೆದರೆ ಕ್ಯಾನು ತುಂಬುತ್ತದೆ. ಶೆಡ್ ಕಟ್ಟುವಷ್ಟು ಖರ್ಚಿಲ್ಲದೆ ಇದಕ್ಕೆ ಉಪಾಯ ಮಾಡಿಕೊಂಡವರು ಯಾರಾದರೂ ಇದ್ದರೆ ದಯವಿಟ್ಟು ಬರೆಯಿರಿ.